ಉಗುರಿನಡಿಯ ಕಪ್ಪು ಗೆರೆ ಕ್ಯಾನ್ಸರ್ ಆಗಿರಬಹುದೇ?

ಸಕಲೇಶಪುರದ ಕಾಫಿ ತೋಟದಲ್ಲಿ ದುಡಿಯುವ ನಿಮ್ಮ ತಾಯಿಯವರ ಕಾಲಿನ ಹೆಬ್ಬೆರಳಿನ ಉಗುರಿನಡಿ ಮೂಡಿರುವ ಕಪ್ಪು ಗೆರೆ, ಪೆಟ್ಟಿನಿಂದ ಹೆಪ್ಪುಗಟ್ಟಿದ ರಕ್ತವೇ ಎಂದು ಕೇಳಿದ್ದೀರಿ. ರಕ್ತವಾಗಿದ್ದರೆ ಉಗುರು ಬೆಳೆದಂತೆ ಕಲೆಯೂ ತುದಿಯತ್ತ ಸರಿಯುತ್ತದೆ. ಆದರೆ ಗೆರೆಯು ಬುಡದಿಂದಲೇ ಹೊರಟು, ಬರಬರುತ್ತ ಅಗಲವಾಗಿ, ಉಗುರಿನ ಅಂಚಿನ ಚರ್ಮಕ್ಕೂ ಕಪ್ಪು ಹರಡಿದ್ದರೆ, ಅಂಗೈ, ಅಂಗಾಲು ಹಾಗೂ ಉಗುರಿನಡಿ ಕಾಣಿಸಿಕೊಳ್ಳುವ ಅಕ್ರಲ್ ಮೆಲನೋಮ ಎಂಬ ಅಪರೂಪದ ಕ್ಯಾನ್ಸರನ್ನು ಶಂಕಿಸಲೇಬೇಕು. ಬಿಸಿಲಿಗೂ ಇದಕ್ಕೂ ಅಷ್ಟಾಗಿ ಸಂಬಂಧವಿಲ್ಲ. ತಡಮಾಡದೆ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಹಿಮ್ಸ್‌ನ ಚರ್ಮರೋಗ ವಿಭಾಗದಲ್ಲಿ ತೋರಿಸಿ. ಚರ್ಮ, ಉಗುರುಗಳನ್ನು ಹಿಗ್ಗಿಸಿ ತೋರಿಸುವ ಡರ್ಮೋಸ್ಕೋಪ್ ಪರೀಕ್ಷೆಯಿಂದ ಅನುಮಾನ ಬಲವಾಗಬಹುದಾದರೂ, ರೋಗ ಖಚಿತವಾಗುವುದು ಉಗುರಿನ ಬುಡದ ಅಂಗಾಂಶವನ್ನು ತೆಗೆದು ನೋಡುವ ಬಯಾಪ್ಸಿಯಿಂದಲೇ. ಬಯಾಪ್ಸಿ ಮಾಡಿಸಿದರೆ ಕ್ಯಾನ್ಸರ್ ಹರಡುತ್ತದೆಂಬ ಮಾತನ್ನು ದಯವಿಟ್ಟು ನಂಬಬೇಡಿ. ಕ್ಯಾನ್ಸರ್ ಎಷ್ಟು ಮಿಲಿಮೀಟರ್ ಆಳಕ್ಕಿಳಿದಿದೆ ಎಂಬುದು ಬಯಾಪ್ಸಿಯಿಂದ ತಿಳಿಯದೆ ಚಿಕಿತ್ಸೆಯನ್ನು ನಿರ್ಧರಿಸಲಾಗದು.