ಅಪ್ಪನ ಮಗ್ಗ, ಮಗನ ಪಗಾರ

(ಗುರುತು ಸಿಗಬಾರದೆಂದು ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ.)

ಮಂಜುಗೆ 27 ವರ್ಷ. ಬೆಟಗೇರಿಯ ನೇಕಾರರ ಮನೆ. ಹುಬ್ಬಳ್ಳಿಯಲ್ಲಿ ಬ್ಯಾಂಕ್ ಆಫೀಸರ್. ಆ ಮನೆಯಲ್ಲಿ ತಿಂಗಳ ಪಗಾರ ಕಂಡ ಮೊದಲಿಗ ಅವನೇ. ನಿದ್ದೆ ಬರುವುದಿಲ್ಲ ಎಂದು ಸಲಹೆ ಕೇಳಲು ನನ್ನ ಬಳಿ ಬಂದ. ತಿಂಗಳ 20 ದಾಟಿದ ಮೇಲೆ ಮನೆಯಿಂದ ಫೋನ್ ಬಂದರೆ ಎದೆ ಡವಡವ ಅನ್ನುತ್ತಿತ್ತಂತೆ. "ಮೇಡಂ, ಪಗಾರ ಬರೋದು ಗೊತ್ತಾಗ್ತದ, ಹೋಗೋದು ಗೊತ್ತಾಗಂಗಿಲ್ರಿ" ಎಂದ.

ಊಟ ಹೇಗಿದೆ, ಸಾಯುವ ಯೋಚನೆ ಬರುತ್ತದಾ ಎಂದು ಮೊದಲು ಕೇಳಿದೆ. ಹಾಗೇನೂ ಇರಲಿಲ್ಲ. ಕೈ ಬಿಗಿ ಇಲ್ಲದ ಹುಡುಗ ಅಂದುಕೊಂಡು, ಖರ್ಚು ಬರೆದುಕೊಂಡು ಬಾ ಎಂದು ಕಳಿಸಿದೆ. ಅದು ನನ್ನ ತಪ್ಪು. ಮುಂದಿನ ವಾರ ತಂದ ಪಟ್ಟಿಯಲ್ಲಿ ದುಂದು ಅನ್ನುವಂಥದ್ದು ಒಂದೂ ಇರಲಿಲ್ಲ. ಓದಿನ ಸಾಲದ ಕಂತು, ಮನೆಗೆ ಕಳಿಸುವ ದುಡ್ಡು, ಅವ್ವನ ಔಷಧಿ, ತಂಗಿಯ ಮದುವೆಗೆಂದು ಕಟ್ಟುವ ಚೀಟಿ, ರೂಮಿನ ಬಾಡಿಗೆ.

ಪಕ್ಕದ ಕುರ್ಚಿಯ ಗೆಳೆಯನಿಗೂ ಅಷ್ಟೇ ಪಗಾರ. ಅವನು ಕಾರು ತಗೊಂಡ, ತಾನ್ಯಾಕೆ ತಗೊಳ್ಳಲಿಲ್ಲ ಅನ್ನುವುದು ಮಂಜುವಿನ ಕೊರಗು. ಆ ಗೆಳೆಯನದೂ ಬರಿ ಎಂದೆ. ಬರೆಯುತ್ತಾ ಅವನೇ ನಿಂತ. ಗೆಳೆಯನಿಗೆ ಧಾರವಾಡದಲ್ಲಿ ಅಪ್ಪ ಕಟ್ಟಿಸಿದ ಮನೆ. ಓದಿಗೆ ಸಾಲವಿಲ್ಲ. ಅಪ್ಪನಿಗೇ ಪೆನ್ಶನ್ ಬರುತ್ತದೆ. ಯಾವ ಪರೀಕ್ಷೆ ಕಟ್ಟಬೇಕು ಎಂದು ಹೇಳಲು ಮನೆಯಲ್ಲೇ ಸೋದರಮಾವ. ಮಂಜುಗೆ ಅದನ್ನು ಹೇಳಿದ್ದು ಚಹಾ ಅಂಗಡಿಯಲ್ಲಿ ಸಿಕ್ಕ ಹಳೆಯ ಪೇಪರ್.

ಹಣ ಒಂದೇ ಬಂಡವಾಳ ಅಲ್ಲ, ಓದು, ನಡೆನುಡಿ, ಪರಿಚಯ ಎಲ್ಲವೂ ಬಂಡವಾಳವೇ ಎಂದು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯೂ ವಿವರಿಸಿದ್ದ. ಆ ಹೆಸರನ್ನು ನಾನು ಮಂಜುಗೆ ಹೇಳಲಿಲ್ಲ. ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಆರ್ಥಿಕ ಸಂಘಟನೆ ಒಇಸಿಡಿಯ 2018ರ ವರದಿಯ ಒಂದು ಲೆಕ್ಕ ಮಾತ್ರ ಹೇಳಿದೆ. ಬಡ ಮನೆಯವರು ದೇಶದ ಸರಾಸರಿ ಆದಾಯ ಮುಟ್ಟಲು ಡೆನ್ಮಾರ್ಕಿನಲ್ಲಿ 2 ತಲೆಮಾರು ಸಾಕು, ಭಾರತದಲ್ಲಿ 7 ಬೇಕು ಎಂಬ ಅಂದಾಜು ಅದು. "ನೋಡಪಾ, ಏಳು ಮಂದಿ ಹತ್ತೋ ಮೆಟ್ಟಲ ನೀ ಒಬ್ಬನ ಹತ್ತಾಕ ಹೊಂಟಿ. ದಮ್ಮು ಹತ್ತದ ಇರ್ತದನು?" ಎಂದೆ. ನಕ್ಕ.

ನಿದ್ದೆ ಕೆಡಿಸಿದ ಮುಖ್ಯ ಸಂಗತಿ ಮೂರನೇ ಭೇಟಿಯಲ್ಲಿ ಹೊರಬಂತು. ಆಫೀಸಿನವರೊಬ್ಬರ ಗೃಹಪ್ರವೇಶದಲ್ಲಿ ಯಾರೋ "ತಂದೆಯವರು ಏನು ಮಾಡ್ತಾರ?" ಎಂದು ಕೇಳಿದ್ದಾರೆ. ಇವನು ಥಟ್ಟನೆ "ಟೆಕ್ಸ್‌ಟೈಲ್ ಬಿಸಿನೆಸ್" ಅಂದುಬಿಟ್ಟಿದ್ದಾನೆ. ಕೇಳಿದವರು ಖುಷಿಯಾಗಿ, "ಹಂಗಾದ್ರ ಮಗಳ ಮದುವಿಗೆ ಹೋಲ್‌ಸೇಲ್ ರೇಟಿನಾಗ ಸೀರಿ ಕೊಡಸ್ರಿ" ಅಂದರಂತೆ. ಅಪ್ಪ ಇನ್ನೂ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು, ಮಾಲೀಕರು ಕೊಟ್ಟ ನೂಲಿನಲ್ಲಿ ಕೂಲಿಗೆ ನೇಯುತ್ತಾರೆ. ಇದನ್ನು ಹೇಳುವಾಗ ಮಂಜು ನನ್ನ ಮುಖ ನೋಡಲಿಲ್ಲ.

ನಾಚಿಕೆಪಡಬೇಡ ಅಂತ ಬುದ್ಧಿ ಹೇಳುವುದು ಸುಲಭ. ನಾನು ಹೇಳಲಿಲ್ಲ. ಅವನು ಹೆದರಿದ್ದು ಅಪ್ಪನಿಗಲ್ಲ, ಆ ಕೋಣೆಯಲ್ಲಿದ್ದವರ ಕಣ್ಣಿಗೆ. ಕೆಲಸವನ್ನು ಮೇಲೆ ಕೆಳಗೆ ಎಂದು ಅಳೆಯುವವರು ಅವರು ತಾನೆ? ಬದಲಿಗೆ, ನಿನ್ನ ಓದಿಗೆ ಯಾರ‍್ಯಾರು ಏನೇನು ಕೊಟ್ಟರು, ಬರಿ ಎಂದೆ. ಅಪ್ಪ, ಅವ್ವ, ಒಬ್ಬ ಗಣಿತದ ಮೇಷ್ಟ್ರು. ಆಮೇಲೆ ಪೆನ್ನು ನಿಂತಿತು. ತಂಗಿ ಇವನಿಗಿಂತ ಒಂದೇ ವರ್ಷ ಚಿಕ್ಕವಳು. ಎಸ್ಸೆಸ್ಸೆಲ್ಸಿಯಲ್ಲಿ ಇವನಿಗಿಂತ ಜಾಸ್ತಿ ಅಂಕ. ಇಬ್ಬರ ಕಾಲೇಜು ಫೀ ಆಗುವುದಿಲ್ಲವೆಂದು ಪಿಯುಸಿ ಮುಗಿದ ಮೇಲೆ ಮನೆಯಲ್ಲೇ ಉಳಿದಳು. ಇಂದಿಗೂ ಅಪ್ಪನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಾಳೆ. ಅವಳ ಹೆಸರು ಪಟ್ಟಿಯಲ್ಲಿ ಕೊನೆಗೆ ಬಂತು.

ಕೊಟ್ಟ ಸಲಹೆ ದೊಡ್ಡದೇನಲ್ಲ. ಮನೆಗೆ ಇಷ್ಟೇ ಎಂದು ಗೊತ್ತುಮಾಡಿ 2ನೇ ತಾರೀಖಿಗೇ ಕಳಿಸು, ಮನೆಯವರು ಕೇಳಿದಾಗ ಪಗಾರ ಆಗಿಲ್ಲ ಎನ್ನುವ ಸುಳ್ಳು ಬಿಡು. ಆಪತ್ತಿಗೆಂದು ಸ್ವಲ್ಪ ಬೇರೆ ಇಡು. ಕಾರು ಈಗ ಬೇಡ. ಅಪ್ಪನಿಗೆ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸು; ಅಪಘಾತದಲ್ಲಿ ಸತ್ತರೆ 2 ಲಕ್ಷ ಬರುತ್ತದೆ. ದಿನಾ ಕೌಂಟರಿನಲ್ಲಿ ಊರವರಿಗೆಲ್ಲ ಅದರ ಫಾರ್ಮ್ ತುಂಬಿಸುವ ಹುಡುಗ ಮನೆಯವರಿಗೇ ಮಾಡಿಸಿರಲಿಲ್ಲ! ಮದುವೆ ಚೀಟಿ ಕಟ್ಟುವ ಮೊದಲು ತಂಗಿಗೆ ಏನು ಬೇಕು ಎಂದು ಒಂದು ಸಲ ಕೇಳು, ಮನೆಯಲ್ಲಿದ್ದೇ ಓದಲು ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಇದೆ ಎಂದೂ ಹೇಳಿದೆ.

ಎರಡು ತಿಂಗಳಿಗೆ ಮತ್ತೆ ಬಂದ. ನಿದ್ದೆ ಪರವಾಗಿಲ್ಲ. ತಂಗಿ ಬಿ.ಕಾಂ.ಗೆ ಅರ್ಜಿ ಹಾಕಿದ್ದಾಳೆ. ಆದರೆ ಅಣ್ಣ ಇಷ್ಟು ವರ್ಷ ಯಾಕೆ ಕೇಳಲಿಲ್ಲ ಎಂದು ಎರಡು ದಿನ ಮಾತು ಬಿಟ್ಟಿದ್ದಳಂತೆ. ಆಫೀಸಿನಲ್ಲಿ ಮಾತ್ರ ಅಪ್ಪ ಇನ್ನೂ ಟೆಕ್ಸ್‌ಟೈಲ್ ಬಿಸಿನೆಸ್‌ನಲ್ಲೇ ಇದ್ದಾರೆ.