1960ರ ದಶಕದ ಅಮೆರಿಕನ್ ಫೋಕ್ (ಜನಪದ ಶೈಲಿಯ) ಹಾಡುಗಳ ನೆನಪು ಇನ್ನೂ ಯಾಕೆ ಕಾಡುತ್ತದೆ?

ಅವು ಒಬ್ಬ ಮನುಷ್ಯನ ಕಥೆ ಹೇಳುತ್ತವೆ, ಕಥೆಯ ಹಿಂದೆ ‘ಇದು ಬದಲಾಗುತ್ತೆ’ ಅನ್ನೋ ನಂಬಿಕೆ ಇದೆ. ಆ ನಂಬಿಕೆಯೇ ಈಗ ಜಾಸ್ತಿ ಕಾಡುವುದು.

ಹ್ಯಾಟಿ ಕ್ಯಾರಲ್ ಬಗ್ಗೆ ಅಮೆರಿಕದ ಗಾಯಕ ಬಾಬ್ ಡಿಲನ್ ಕಟ್ಟಿದ ಹಾಡನ್ನೇ ನೋಡಿ. ಆಕೆ ಬಾಲ್ಟಿಮೋರ್‌ನ ಹೋಟೆಲೊಂದರಲ್ಲಿ ದುಡಿಯುತ್ತಿದ್ದ 51 ವರ್ಷದ ಕಪ್ಪು ಹೆಂಗಸು. 1963ರಲ್ಲಿ ಕುಡಿದಿದ್ದ ಶ್ರೀಮಂತ ಬಿಳಿಯನೊಬ್ಬ ಬೆತ್ತದಿಂದ ಹೊಡೆದ. ಕೆಲವೇ ಗಂಟೆಗಳಲ್ಲಿ ಆಕೆ ತೀರಿಕೊಂಡಳು. ಆದರೂ ಡಿಲನ್ ಚರಣ ಮುಗಿದಾಗಲೆಲ್ಲ ‘ಅಳುವ ಹೊತ್ತು ಇದಲ್ಲ’ ಎನ್ನುತ್ತಾರೆ. ಸಾವಿಗೂ ಅಳಲು ಬಿಡುವುದಿಲ್ಲ! ಕೋರ್ಟು ಬರೀ ಆರು ತಿಂಗಳ ಶಿಕ್ಷೆ ಕೊಟ್ಟಾಗ ಮಾತ್ರ ‘ಈಗ ಅಳಿ’ ಎನ್ನುತ್ತಾರೆ. ನ್ಯಾಯ ಸಿಗಬೇಕಿತ್ತು ಅಂತ ನಂಬಿದವರಿಗೆ ತಾನೇ ಆ ಅಳು ಬರುವುದು?

ಶಿಕ್ಷೆ ಪ್ರಕಟವಾದದ್ದು ಆಗಸ್ಟ್ 28ರಂದು. ಅದೇ ದಿನ ವಾಷಿಂಗ್ಟನ್‌ನಲ್ಲಿ ಕಪ್ಪು ಜನರ ಸಮಾನ ಹಕ್ಕುಗಳಿಗಾಗಿ ನಡೆದ ಮೆರವಣಿಗೆಯಲ್ಲಿ ಡಿಲನ್ ಹಾಡಿದ್ದರು.