ಜಾಕ್ ವೈಟ್‌ನ ಒರಟು ಗಿಟಾರ್ ಸದ್ದು ಮನೆಯಲ್ಲಿ ತರಿಸುವುದು ಹೇಗೆ?

ಬಿಗ್ ಮಫ್ ಪೆಡಲ್ (ಕಾಲಲ್ಲಿ ಒತ್ತಿದರೆ ಗಿಟಾರ್ ಸದ್ದನ್ನು ಒರಟಾಗಿಸುವ ಪೆಟ್ಟಿಗೆ) ಕೊಂಡರೂ ಜಾಕ್ ವೈಟ್ ಅವರ ವೈಟ್ ಸ್ಟ್ರೈಪ್ಸ್ ಬ್ಯಾಂಡಿನ ಸದ್ದು ಬರುತ್ತಿಲ್ಲ ಅಂತ ಕೇಳಿದ್ದೀರಿ. ನನಗೆ ಅನುಮಾನ ಪೆಡಲ್‌ನ ಸಸ್ಟೇನ್ ನಾಬ್ ಮೇಲೆ, ಅಂದರೆ ಫಜ್ (ಒರಟು ಗುರುಗುಟ್ಟುವಿಕೆ) ಎಷ್ಟಿರಬೇಕು ಅಂತ ಹೊಂದಿಸುವ ತಿರುಗುಗುಂಡಿ ಮೇಲೆ. ಪೂರ್ತಿ ತಿರುಗಿಸಿಟ್ಟಿದ್ದೀರಿ, ಅಲ್ವಾ? ಅರ್ಧಕ್ಕೆ ಇಳಿಸಿ. ಫಜ್ ಜಾಸ್ತಿಯಾದರೆ ಕಾರ್ಡ್‌ನಲ್ಲಿ ಒಟ್ಟಿಗೆ ನುಡಿಸುವ ಸ್ವರಗಳೆಲ್ಲ ಕಲಸಿ ಗಂಜಿಯಾಗುತ್ತವೆ.

ಒರಟುತನ ಮೊದಲು ಆಂಪ್‌ನಿಂದ (ಗಿಟಾರ್ ಸದ್ದು ಹಿಗ್ಗಿಸುವ ಆಂಪ್ಲಿಫೈಯರ್‌ನಿಂದ) ಬರಬೇಕು. ಡೆಟ್ರಾಯಿಟ್‌ನ ಆ ಬ್ಯಾಂಡಿನಲ್ಲಿ ಜಾಕ್ ವೈಟ್ ಬಳಸಿದ್ದು 1960ರ ದಶಕದ ಸಿಲ್ವರ್‌ಟೋನ್ 1485. ಅಮೆರಿಕದ ಸಿಯರ್ಸ್ ಅಂಗಡಿಯವರು ಮಾರುತ್ತಿದ್ದ ವಾಲ್ವ್ (ಗಾಜಿನ ಕೊಳವೆಗಳಿರುವ) ಆಂಪ್, 10 ಇಂಚಿನ ಆರು ಸ್ಪೀಕರ್. ಗಿಟಾರ್ ಏರ್‌ಲೈನ್ ಬ್ರ್ಯಾಂಡಿನದು; ಅದರ ಮೈ ಮರದ್ದಲ್ಲ, ಫೈಬರ್‌ಗ್ಲಾಸ್!

ಅದನ್ನೆಲ್ಲ ಹುಡುಕಿಕೊಂಡು ಹೋಗಬೇಡಿ. 5 ವಾಟ್‌ನ ಸಣ್ಣ ವಾಲ್ವ್ ಆಂಪ್ ಸಾಕು. ವಾಲ್ಯೂಮ್ ಏರಿಸುತ್ತಾ ಹೋಗಿ. ಮೆಲ್ಲಗೆ ಮೀಟಿದರೆ ಸದ್ದು ತಿಳಿಯಾಗಿರಬೇಕು, ಜೋರಾಗಿ ಮೀಟಿದರೆ ಒಡೆಯಬೇಕು. ಆ ಜಾಗ ಸಿಕ್ಕಾಗ ನಿಲ್ಲಿಸಿ. ಆಂಪ್‌ನಲ್ಲಿ ಬಾಸ್ (ತಗ್ಗು ಸದ್ದು) ಸ್ವಲ್ಪ ಇಳಿಸಿ, ಮಿಡ್ (ನಡುವಿನ ಸದ್ದು) ಏರಿಸಿ. ಬಿಗ್ ಮಫ್ ಮಿಡ್ ಅನ್ನೇ ತಿಂದುಹಾಕುತ್ತದೆ. ಗಿಟಾರ್‌ನಲ್ಲಿ ಬ್ರಿಡ್ಜ್ ಪಿಕಪ್ (ತಂತಿಗಳು ಮೈಮೇಲೆ ಕೂರುವ ಬ್ರಿಡ್ಜ್ ಪಕ್ಕದಲ್ಲಿ ಸದ್ದು ಹಿಡಿಯುವ ಭಾಗ) ಆರಿಸಿಕೊಳ್ಳಿ. ಆಮೇಲೆ ಪೆಡಲ್ ಒತ್ತಿ, ಅದೂ ರಿಫ್ (ಹಾಡಿನಲ್ಲಿ ಮತ್ತೆ ಮತ್ತೆ ಬರುವ ಚಿಕ್ಕ ಗಿಟಾರ್ ಧುನ್) ಬಂದಾಗ ಮಾತ್ರ.

5 ವಾಟ್ ಅಂದರೆ ಸುಮ್ನೆ ಅಲ್ಲ, ಸದ್ದು ಜೋರಾಗೇ ಇರುತ್ತೆ. ಪಕ್ಕದ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿಡಿ.